ಕಚ್ಚಿಗೆ ಕೂರದ ಸೊಂಟ

ಆ ಹುಡುಗಿಗೆ ಸೊಂಟವೇ ಇರಲಿಲ್ಲ. ಹನ್ನೊಂದು ವರ್ಷಕ್ಕೆ ಹೆಚ್ಚಿನ ಮಕ್ಕಳಿಗೆ ಇರುವುದಿಲ್ಲ, ಎದೆಯಿಂದ ಕೆಳಗೆ ಒಂದೇ ಸಮ. ಆದರೆ ಅವಳ ಅಮ್ಮ ದುಡಿಯುತ್ತಿದ್ದುದು ಗೊಂಬೆ ಫ್ಯಾಕ್ಟರಿಯ ತಪಾಸಣೆ ಮೇಜಿನಲ್ಲಿ. ಅಲ್ಲಿ ಸೊಂಟವೇ ಎಲ್ಲ.

ಉಕ್ಕಿನ ತಗಡಿನಲ್ಲಿ ಒಂದು ಕಚ್ಚು ಕೊರೆದಿತ್ತು. ಅಚ್ಚಿನಿಂದ ಬಂದ ಗೊಂಬೆಯ ಸೊಂಟವನ್ನು ಅದಕ್ಕೆ ಒತ್ತಬೇಕು. ಕೂತರೆ ಪಾಸು. ಕೂರದಿದ್ದರೆ ಪಕ್ಕದ ಪುಡಿಯಂತ್ರದ ಬಾಯಿಗೆ. ತಲೆ, ತೊಡೆ ಎಲ್ಲ ಕಟಕಟ ಮುರಿದು ಕೆಳಗೆ ಗುಲಾಬಿ ಬಣ್ಣದ ನುಚ್ಚು ಬೀಳುತ್ತಿತ್ತು.

ದಿನವಿಡೀ ಅದನ್ನೇ ಮಾಡುವ ಹೆಂಗಸರ ಬಾಯಲ್ಲೂ ಅದೇ ಮಾತು. ಅತ್ತೆ, ನಾದಿನಿ, ಮೇಸ್ತ್ರಿಯ ಹೊಟ್ಟೆ, ಯಾರನ್ನೂ ಅಳೆಯದೆ ಬಿಡುತ್ತಿರಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮಗಳು ಬಂದರೆ ಅಮ್ಮನೇ ಶುರುಮಾಡುತ್ತಿದ್ದಳು.

"ಬಂತು ನೋಡ್ರೇ ನಮ್ಮ ಡ್ರಮ್ಮು! ಇದು ಕಚ್ಚಿಗೆ ಕೂರಲ್ಲ, ಸೀದಾ ಪುಡಿಯಂತ್ರಕ್ಕೇ!"

ಮೇಜೆಲ್ಲ ನಗುತ್ತಿತ್ತು. ಹುಡುಗಿಯೂ ಹಲ್ಲು ಕಿರಿಯುತ್ತಿದ್ದಳು. ಈಚೆಗೆ ಅವಳು ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಿದ್ದಳು. ಒಂದು ಬೆಳಿಗ್ಗೆ ಹೊಟ್ಟೆಯ ಸುತ್ತ ಕೆಂಪು ಗೆರೆ ಕಂಡು ಅಮ್ಮ ಕೇಳಿದ್ದಕ್ಕೆ, "ಲಂಗದ ಲಾಡಿ ಬಿಗಿಯಾಗಿತ್ತು" ಅಂದಳು. ಅಮ್ಮನಿಗೆ ಬಸ್ಸಿಗೆ ಹೊತ್ತಾಗಿತ್ತು.

ಆ ಶನಿವಾರ ಪ್ಯಾಕಿಂಗ್‌ನವನು ಚಹಾಕ್ಕೆ ಹೋಗಿದ್ದ. ಪೆಟ್ಟಿಗೆಗಳಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿಯುವ ಯಂತ್ರದ ಸದ್ದು ಬಂತು. ಆಮೇಲೆ ಒಂದು ಕಿರುಚು, ಅರ್ಧಕ್ಕೇ ನಿಂತದ್ದು.

ಅಮ್ಮ ಗೊಂಬೆ ಬಿಸಾಕಿ ಓಡಿದಳು. ಹುಡುಗಿ ಯಂತ್ರದ ಕಮಾನಿನೊಳಗೆ ಅಡ್ಡಬಿದ್ದಿದ್ದಳು. ಯಂತ್ರಕ್ಕೆ ಏನು ಗೊತ್ತು, ಪೆಟ್ಟಿಗೆ ಎಂದೇ ಬಿಗಿದು ಅಂಟಿಸಿಬಿಟ್ಟಿತ್ತು. ಪಟ್ಟಿ ಫ್ರಾಕಿನ ಸಮೇತ ಸೊಂಟದ ಮಾಂಸದೊಳಗೆ ಹೂತುಹೋಗಿತ್ತು. ಮುಖ ನೀಲಿಗಟ್ಟಿತ್ತು, ಮೂಗಿನಲ್ಲಿ ರಕ್ತ.

"ಚಾಕು! ಚಾಕು ಕೊಡ್ರೇ!"

ಯಾರೋ ಗೊಂಬೆಯ ಅಂಚು ಹೆರೆಯುವ ಚಾಕು ತಂದರು. ಮಗಳಿಗೆ ತಾಗದಿರಲೆಂದು ಅಮ್ಮ ಪಟ್ಟಿಯಡಿಗೆ ತನ್ನ ಎಡಗೈಯ ಬೆರಳು ತುರುಕಿದಳು. ಬೆರಳ ಉಗುರು ಕಿತ್ತು ಬಂತು. ಮೇಲಿಂದ ಚಾಕು ಒತ್ತಿ ಎಳೆದಳು. ಪಟ್ಟಿ ಛಟೀರೆಂದು ಹರಿಯಿತು. ಚಾಕು ನಿಲ್ಲದೆ ಬೆರಳ ಮೂಳೆಯನ್ನೂ ಕತ್ತರಿಸಿಕೊಂಡು ಹೋಯಿತು.

ಹುಡುಗಿಗೆ ಉಸಿರು ಬಂತು. ಕಣ್ಣು ಬಿಟ್ಟು, ತಡವರಿಸುತ್ತ ಕೇಳಿದಳು:

"ಈಗ ಕಚ್ಚಿಗೆ ಕೂರ್ತೀನಾ ಅಮ್ಮಾ?"

ಅಷ್ಟರಲ್ಲಿ ಮೇಸ್ತ್ರಿ ಓಡಿಬಂದ. ಪೆಟ್ಟಿಗೆಗಳ ಮೇಲೆ ಚಿಮ್ಮಿದ ರಕ್ತ ನೋಡಿದ, ಮಗು ಉಸಿರಾಡುವುದನ್ನೂ ನೋಡಿದ. ಜೀವ ಬಂದಂತಾಗಿ, ಏನಾದರೂ ಅನ್ನಬೇಕೆಂದು ಅಂದ:

"ಅಯ್ಯೋ ಡ್ರಮ್ಮೇ, ಇಷ್ಟು ಬಿಗಿದ್ರೂ ನೀನು ಕೂರಲ್ಲ ಬಿಡೇ."

ಪೆಟ್ಟಿಗೆ ಒಡೆಯುವ ಸಲಾಕೆ ಗೋಡೆಗೆ ಒರಗಿತ್ತು. ಅಮ್ಮ ಅದನ್ನೆತ್ತಿ ಅವನ ಬಾಯಿಗೇ ಬೀಸಿದಳು. ಅವನು ಗೊಂಬೆಗಳ ರಾಶಿಯ ಮೇಲೆ ಕುಸಿದ. ಮೇಲೆ ನಿಂತು ಇನ್ನೊಮ್ಮೆ ಬಾರಿಸಿದಳು. ಇಬ್ಬರು ಹಿಡಿದೆಳೆದರೂ ಕೊಸರಿಕೊಂಡಳು.

ಅವನು ರಕ್ತ ಉಗುಳುತ್ತ ಕೈ ಅಡ್ಡ ಹಿಡಿದ. "ನನ್ನ ಯಾಕಮ್ಮಾ ಹೊಡೀತೀಯ? ನಿನ್ನದೇ ಮಾತಲ್ವಾ ಅದು? ವಾರ ವಾರ ನೀನೇ ಹೇಳ್ತಿದ್ದೆ!"

ಅವನು ಹೇಳಿದ್ದು ನಿಜ. ಅದಕ್ಕೇ ಅವಳು ಮೂರನೆಯ ಸಲ ಹೊಡೆದಳು, ಎಲ್ಲಕ್ಕಿಂತ ಜೋರಾಗಿ.

ಮೇಸ್ತ್ರಿಯ ನಾಲ್ಕು ಹಲ್ಲು ಹೋದವು. ಅಮ್ಮನ ತೋರುಬೆರಳು ಹೋಯಿತು, ಕೆಲಸ ಹೋಯಿತು. ಹುಡುಗಿಯದು ಒಂದು ಕಿಡ್ನಿ.