ಕರಿಮೂಗಿಯ ಅಂಡಗಳು

ಹೊಸ ಪೋಷಕ ದ್ರವದಲ್ಲಿ ಹಿಂದಿನ ದಿನ ಇಟ್ಟಿದ್ದ ಅಂಡಗಳನ್ನು ಮೈಕ್ರೋಸ್ಕೋಪಿನಡಿ ನೋಡಿ, ಮೊಟ್ಟೆಯಕ್ಕನ ಮುಖ ಬೆಳಿಗ್ಗೆ ಬೆಳಿಗ್ಗೆಯೇ ಇಳಿದುಹೋಯಿತು. ಹಸುವಿನ ಅಂಡಗಳನ್ನು ಬಲಿಸಿ ಭ್ರೂಣ ಮಾಡುವ ಆ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುವುದೇ ಹಾಗೆ. ಬೇರೆ ಹೆಸರಿದ್ದದ್ದು ಸಂಬಳದ ಚೀಟಿಯಲ್ಲಿ ಮಾತ್ರ. ಅಂಡ ಬಲಿಯುವಾಗ ಅದರ ಸುತ್ತಲಿನ ಜೀವಕೋಶಗಳು ಅರಳಿ, ಹಿಂಜಿದ ಹತ್ತಿಯ ಹಾಗೆ ಮೋಡವಾಗಬೇಕು. ಮುಂದೆ ವೀರ್ಯಾಣು ದಾರಿ ಹಿಡಿಯುವುದು ಆ ಮೋಡದ ಮೂಲಕ. ಇಲ್ಲಿ ಮೋಡವೂ ಇಲ್ಲ, ಮಣ್ಣೂ ಇಲ್ಲ. ಜೀವಕೋಶಗಳು ತಟ್ಟೆಯ ತಳದಲ್ಲಿ ಚೆಲ್ಲಾಪಿಲ್ಲಿಯಾಗಿದ್ದವು, ಅಂಡಗಳು ಬೋಳುತಲೆ ಬಿಟ್ಟುಕೊಂಡು ಬಿದ್ದಿದ್ದವು.

ಇವು ಕಸಾಯಿಖಾನೆಯಿಂದ ತಂದ, ಪರೀಕ್ಷೆಗೆಂದಿಟ್ಟ ಅಂಡಗಳು, ಹೋದರೆ ಹೋಗಲಿ. ಆದರೆ ಈಗಷ್ಟೇ ಮೇಜಿನ ಮೇಲೆ ಬಂದು ಕೂತಿದ್ದದ್ದು ಕರಿಮೂಗಿಯ ಅಂಡಾಶಯ.

ಕರಿಮೂಗಿ ಊರಿಗೆ ಹಾಲು ಹಾಕುವ ಹಾಲಿನಜ್ಜಿಯ ಹಸು. ಮುಂಜಾನೆ ಲಾರಿಗೆ ಸಿಕ್ಕಿ ಸತ್ತಿತ್ತು. ಅತ್ತೆಯ ಕಾಲದಿಂದ ಅಜ್ಜಿ ಕಾಪಾಡಿಕೊಂಡು ಬಂದ ತಳಿಯಲ್ಲಿ ಅದೇ ಕೊನೆಯದು, ಹಾಕಿದ್ದೆಲ್ಲ ಹೋರಿಗರು. ತಳಿ ಉಳಿಸಲೆಂದು ಅಂಡಾಶಯ ತೆಗೆದ ಪಶುವೈದ್ಯರು ಅದರ ಜೊತೆಗೆ ತಳಿ ಪರೀಕ್ಷೆಗೆಂದು ಒಂದು ಕೊಳವೆ ರಕ್ತವನ್ನೂ ಕಳಿಸಿದ್ದರು. ಅಜ್ಜಿಯೂ ಅದರ ಹಿಂದೆಯೇ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು.

ಮೊಟ್ಟೆಯಕ್ಕ ಹಾಳಾದ ತಟ್ಟೆಯ ದ್ರವವನ್ನು ಪಿಪೆಟ್ಟಿನಲ್ಲಿ ಎಳೆದು ಬಿಟ್ಟಳು. ಹನಿ ಕಡಿಯದೆ ಲೋಳೆಯಂತೆ ಜೋತುಬಿತ್ತು. ಅಂದರೆ ಮೋಡಕ್ಕೆ ಬೇಕಾದ ಉದ್ದನೆಯ ಸಕ್ಕರೆ ಸರಪಳಿ, ಹಯಲುರೊನಾನ್, ತಯಾರಾಗಿದೆ; ಹಿಡಿದಿಡುವವರಿಲ್ಲದೆ ದ್ರವದ ಪಾಲಾಗಿದೆ. ಹೀಗೇಕೆಂದು ಯೋಚಿಸುತ್ತಿದ್ದಂತೆ ಅವಳ ಕಣ್ಣು ರಕ್ತದ ಕೊಳವೆಯ ಮೇಲೆ ಬಿತ್ತು. ರಕ್ತ ಹೆಪ್ಪುಗಟ್ಟಿ, ಮೇಲೆ ತಿಳಿಹಳದಿ ಸೀರಂ ನಿಂತಿತ್ತು.

ಅವಳು ನೇರ ಪ್ರಯೋಗಾಲಯ ನಡೆಸುವ ದೊಡ್ಡ ಡಾಕ್ಟರ ಕೋಣೆಗೆ ಹೋದಳು.

"ಹೊಸ ದ್ರವದಲ್ಲಿ ಸೀರಂ ಇಲ್ಲ ಸರ್. ಅದಕ್ಕೇ ಮೋಡ ಕಟ್ಟಿಲ್ಲ."

"ಸೀರಂ ಬೇಡ ಅಂತಾನೇ ಅಲ್ವೇನಮ್ಮ ಅದನ್ನ ತರಿಸಿದ್ದು? ಹೋದ ಸಲ ಸೀರಂ ಬಾಟಲಿನಲ್ಲಿ ವೈರಸ್ ಬಂದು ಭ್ರೂಣಗಳನ್ನೆಲ್ಲ ಸುಟ್ವಿ. ಮತ್ತೆ ಬಾಗಿಲು ತೆಗೆದು 'ಬಾರಪ್ಪಾ' ಅನ್ನೋಣ್ವಾ?"

"ಹೊರಗಿಂದು ಬೇಡ. ಕರಿಮೂಗಿದೇ ರಕ್ತ ಇದೆ. ಅದರ ರಕ್ತದಲ್ಲಿರೋದು ಅದರ ಅಂಡಕ್ಕೆ ಹೊಸದಾ?"

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ಆಯ್ತು. ಅರ್ಧ ಹೊಸ ದ್ರವದಲ್ಲೇ ಇಡು, ಅರ್ಧಕ್ಕೆ ಸೀರಂ ಸೇರಿಸು. ನೀನು ಹೇಳಿದ್ದು ನಿಜಾನಾ ಗೊತ್ತಾಗತ್ತೆ."

"ಗೊತ್ತಾಗತ್ತೆ ಸರ್, ಆದ್ರೆ ಅರ್ಧ ಹೋಗತ್ತೆ."

"ನಿನ್ನ ಲೆಕ್ಕ ತಪ್ಪಿದ್ರೆ ಪೂರ್ತಿ ಹೋಗತ್ತಲ್ಲ ತಾಯಿ."

ಅದೂ ಸುಳ್ಳಲ್ಲ. "ಹಸು ಅಜ್ಜಿದು. ಅವರನ್ನೇ ಕೇಳ್ತೀನಿ," ಎಂದು ಅವಳು ಹೊರಗೆ ಬಂದಳು.

ಅಜ್ಜಿ ಎದ್ದು ನಿಂತಳು. "ಕೆಟ್ಟೋಯ್ತಾ?"

"ಇಲ್ಲ ಕೂತ್ಕೊಳ್ಳಿ. ಒಂದು ಮಾತು ಕೇಳ್ಬೇಕಿತ್ತು." ಮೊಟ್ಟೆಯಕ್ಕ ಪಕ್ಕದಲ್ಲೇ ಕೂತಳು. "ಅಂಡದ ಸುತ್ತ ಉದ್ದುದ್ದ ಸಕ್ಕರೆ ಎಳೆ ಹುಟ್ಟತ್ತೆ. ಬರೀ ಎಳೆಗಳು ಜಾರ್ತಾವೆ, ಒಂದಕ್ಕೊಂದು ಹಿಡಿತ ಇರಲ್ಲ. ಹಿಡಿತ ಕೊಡೋ ಪ್ರೋಟೀನ್ ಇರೋದು ರಕ್ತದಲ್ಲಿ. ಅಲ್ಲಿ ಅದು ಇನ್ನೊಂದು ಚಿಕ್ಕ ಸಕ್ಕರೆ ಎಳೆಗೆ ಅಂಟಿಕೊಂಡು ಓಡಾಡ್ತಿರತ್ತೆ."

"ತಾನಾಗೇ ಬಿಟ್ಟು ಬರಲ್ವಾ?"

"ಬರಲ್ಲ. ಅಂಡದ ಸುತ್ತಲಿನ ಜೀವಕೋಶಗಳೇ ಒಬ್ಬ ಮಧ್ಯವರ್ತಿನ ಕಳಿಸ್ತಾವೆ. ಅವನೂ ಒಂದು ಪ್ರೋಟೀನೇ. ಚಿಕ್ಕ ಎಳೆಯಿಂದ ಬಿಡಿಸಿ ತನ್ನ ಮೈಗೆ ಅಂಟಿಸಿಕೊಳ್ತಾನೆ, ಆಮೇಲೆ ಉದ್ದದ ಎಳೆಗೆ ದಾಟಿಸಿ, ತಾನು ಕಳಚಿಕೊಂಡು ಇನ್ನೊಂದನ್ನ ತರೋಕೆ ಹೋಗ್ತಾನೆ."

"ಕಮಿಷನ್ ತಗೊಳ್ಳಲ್ವಾ?"

"ಬಿಡಿಗಾಸೂ ಇಲ್ಲ."

"ಹಂಗಾದ್ರೆ ನಮ್ಮ ಕಡೆಯವನಲ್ಲ ಬಿಡಿ," ಎಂದು ಅಜ್ಜಿ ಮೂಗು ಸೀಟಿದಳು. ಬೆಳಗಿನಿಂದ ಅತ್ತು ಮೂಗು ಕೆಂಪಾಗಿತ್ತು. "ಈಗ ಏನಂತೀರ?"

ಅರ್ಧಕ್ಕೆ ಮಾತ್ರ ಸೀರಂ, ಇಲ್ಲವೇ ಎಲ್ಲಕ್ಕೂ ಸೀರಂ ಎಂದು ಮೊಟ್ಟೆಯಕ್ಕ ಎರಡೂ ದಾರಿ ಹೇಳಿದಳು. ಸೀರಂ ಹಾಕಿದರೆ ಮೋಡ ಕಟ್ಟೀತೆಂದು ತನ್ನ ನಂಬಿಕೆ. ಆದರೆ ಕರಿಮೂಗಿಯ ಸೀರಂ ಹಾಕಿ ನೋಡಿದವರು ಯಾರೂ ಇಲ್ಲ, ತಪ್ಪಲೂಬಹುದು. ಅದನ್ನೂ ಮುಚ್ಚಿಡಲಿಲ್ಲ.

ಅಜ್ಜಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಆ ಹೊಸ ನೀರಲ್ಲಿ ಕೆಟ್ಟಿದ್ದನ್ನ ನೀವೇ ಕಣ್ಣಾರೆ ನೋಡಿದ್ರಿ. ಗೊತ್ತಿದ್ದೂ ಗೊತ್ತಿದ್ದೂ ಅರ್ಧಾನ ಅಲ್ಲಿಗೇ ಹಾಕಿ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ? ಎಲ್ಲಾನೂ ಅದರದೇ ರಕ್ತದಲ್ಲಿಡಿ. ಹೋದ್ರೆ ನಿಮ್ಮನ್ನ ಬೈಯಲ್ಲ. ಬೈದ್ರೂ ಮನೇಲಿ ಕೂತು ಬೈತೀನಿ."

ಡಾಕ್ಟರು ಇದನ್ನು ಕೇಳಿ, "ನಿಮ್ಮಿಬ್ಬರ ಮುಂದೆ ನಂದೇನು ನಡೆಯತ್ತೆ," ಎಂದು ಗೊಣಗಿದರು. ಆದರೂ ಸೀರಂ ಸೋಸುವಾಗ ಪಕ್ಕದಲ್ಲೇ ನಿಂತು ಫಿಲ್ಟರ್ ಹಿಡಿದುಕೊಟ್ಟರು. ಅಂಡಾಶಯದಿಂದ ಹೀರಿ ತೆಗೆದ ಅಂಡಗಳು ಸೀರಂ ಬೆರೆಸಿದ ದ್ರವದಲ್ಲಿ ಇನ್‌ಕ್ಯುಬೇಟರಿನ ಬೆಚ್ಚನೆಯ ಗೂಡು ಸೇರಿದವು.

ಮರುದಿನ ಮೊಟ್ಟೆಯಕ್ಕ ಕೋಟು ಹಾಕಿಕೊಳ್ಳುವುದನ್ನೂ ಮರೆತು ತಟ್ಟೆಯನ್ನು ಮೈಕ್ರೋಸ್ಕೋಪಿನಡಿ ಇಟ್ಟಳು. ಒಂದೆರಡು ಸೊರಗಿದ್ದವು. ಉಳಿದವೆಲ್ಲ ಅರಳಿದ್ದವು. ಪಿಪೆಟ್ಟಿನ ತುದಿಯಿಂದ ಒಂದರ ಅಂಚನ್ನು ಮೆಲ್ಲಗೆ ಎಳೆದಳು. ಮೋಡ ಹರಿಯಲಿಲ್ಲ, ಉದ್ದಕ್ಕೆ ಜಗ್ಗಿ, ಅಂಡವನ್ನು ನಡುವೆ ಹೊತ್ತುಕೊಂಡೇ ಹಿಂದೆ ಬಂತು. ಬಿಟ್ಟಾಗ ಮತ್ತೆ ದುಂಡಗಾಯಿತು. ಡಾಕ್ಟರು ಬಗ್ಗಿ ನೋಡಿ, ಹೊರಗಿನ ಬೆಂಚಿನಲ್ಲಿದ್ದ ಅಜ್ಜಿಯನ್ನು ಕರೆಯಲು ತಾವೇ ಎದ್ದು ಹೋದರು.

ಅಜ್ಜಿಗೆ ಮೊದಲು ಕಂಡದ್ದು ತನ್ನದೇ ರೆಪ್ಪೆಕೂದಲು. ಆಮೇಲೆ ಮೋಡ ಕಂಡಿತು. ಬಹಳ ಹೊತ್ತು ಬಗ್ಗಿಯೇ ಇದ್ದಳು.

"ಇನ್ನೂ ಕರುವೇನಲ್ಲಮ್ಮ," ಎಂದಳು ಮೊಟ್ಟೆಯಕ್ಕ. "ಭ್ರೂಣ ಆಗ್ಬೇಕು, ಇನ್ನೊಂದು ಹಸುವಿನ ಹೊಟ್ಟೇಲಿ ನಿಲ್ಬೇಕು. ಇವತ್ತು ವೀರ್ಯ ಸೇರಿಸ್ತೀವಿ. ಯಾವ ಹೋರಿದು ಬೇಕು ಹೇಳಿ."

"ಸಾಧು ಸ್ವಭಾವದ್ದು ನೋಡಿ," ಎಂದಳು ಅಜ್ಜಿ, ಕಣ್ಣು ತೆಗೆಯದೆ. "ನಮ್ಮ ಕರಿಮೂಗಿ ಮಹಾ ಒದೆಯೋಳು."