ಬಿಷಪ್ಪರು ಬಾಗಿಲು ತಟ್ಟಿದ್ದು

ಮೂರು ಸಲ ತಟ್ಟಿದ್ದಾಯಿತು. ಒಳಗಿನಿಂದ ಸದ್ದಿಲ್ಲ.

ಹೊಸ ಬಿಷಪ್ಪರು ಬೆಳ್ಳಿಯ ಕೋಲನ್ನು ಕೆಳಗಿಳಿಸಿ, ಏನೂ ಆಗದವರಂತೆ ಹೆಬ್ಬಾಗಿಲಿನ ಮೊಳೆಗಳನ್ನು ನೋಡತೊಡಗಿದರು. ಬೆನ್ನ ಹಿಂದೆ ಮೆಟ್ಟಿಲುಗಳ ತುಂಬ ಹಾಡುವ ಮಕ್ಕಳು, ಇಪ್ಪತ್ತು ಮಂದಿ ಪಾದ್ರಿಗಳು, ಜೊತೆಗೆ ಬಿಸಿಲು. ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಪೀಠವೇರುವ ಬಿಷಪ್ಪರು ಮುಚ್ಚಿದ ಬಾಗಿಲನ್ನು ಕೋಲಿನಿಂದ ಮೂರು ಸಲ ತಟ್ಟಬೇಕು. ಒಳಗೆ ಬೀಗದ ಕೈ ಹಿಡಿದು ನಿಂತ ಗಂಟೆಯವನು, ಅಂದರೆ ದೇವಾಲಯದ ಗಂಟೆ ಬಾರಿಸುವ, ಬಾಗಿಲು ಕಾಯುವ, ಮೆರವಣಿಗೆಯ ಮುಂದೆ ಕರಿಕೋಲು ಹಿಡಿದು ನಡೆಯುವ ಮುದುಕ, 'ಯಾರು?' ಎಂದು ಕೇಳಬೇಕು. 'ದೇವರ ಸೇವಕ' ಎಂದು ಇವರು ಹೇಳಬೇಕು. ಬಾಗಿಲು ತೆರೆಯಬೇಕು. ಅಷ್ಟೇ.

"ಯಾರು?" ಕೊನೆಗೂ ಒಳಗಿನಿಂದ ಕೇಳಿತು.

"ದೇವರ ಸೇವಕ."

"ಅದು ಸರಿ. ಯಾವ ಸೇವಕ? ಬಿಲ್ಲೆ ತಿಂದವರೋ, ತಿನ್ನದವರೋ?"

ಬಿಷಪ್ಪರ ಕಿವಿ ಕೆಂಪಾಯಿತು. ಹಿಂದೆ ನಿಂತಿದ್ದ ಆರ್ಚ್‌ಡೀಕನ್, ಅಂದರೆ ಬಿಷಪ್ಪರ ಬಲಗೈಯಂಥ ಹಿರಿಯ ಪಾದ್ರಿ, ಕೈಯಲ್ಲಿದ್ದ ಕಾರ್ಯಕ್ರಮದ ಪುಸ್ತಕದ ಪುಟ ತಿರುವಿದರು. ಬಿಲ್ಲೆಯ ವಿಷಯ ಯಾವ ಪುಟದಲ್ಲೂ ಇರಲಿಲ್ಲ.

ಮೂವತ್ತೆರಡು ವರ್ಷದ ಹಿಂದೆ ಬಿಷಪ್ಪರು ಇದೇ ದೇವಾಲಯದಲ್ಲಿ ಸಹಾಯಕ ಪಾದ್ರಿ. ಗಾಳಿ ಬೀಸಿದರೆ ಹಾರಿಹೋಗುವಷ್ಟು ತೆಳ್ಳಗಿನ ಆಳು. ಭಾನುವಾರ ಸಭೆಗೆ ಉಪದೇಶಿಸಬೇಕಿದ್ದ ಮೊದಲ ಪ್ರಸಂಗಕ್ಕೆ ಅವರು ಆರಿಸಿಕೊಂಡ ವಿಷಯ ಬಾಯಿಚಪಲದ ನಿಗ್ರಹ. ಶನಿವಾರ ಮಧ್ಯಾಹ್ನ ನಿಲುವಂಗಿಗಳ ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದಾಗ ಹಸಿವಾಯಿತು. ಅವತ್ತು ಬೀಗ ಹಾಕದೆ ಬಿಟ್ಟಿದ್ದ ಕಪಾಟಿನಲ್ಲಿ, ಮರುದಿನ ಪ್ರಭುಭೋಜನದಲ್ಲಿ ಸಭೆಗೆಲ್ಲ ಹಂಚಲೆಂದು ತಂದಿಟ್ಟ ರೊಟ್ಟಿಯ ಬಿಲ್ಲೆಗಳ ಡಬ್ಬಿ ಇತ್ತು. ಇನ್ನೂ ಪ್ರಾರ್ಥನೆಯಾಗದ ಬಿಲ್ಲೆ, ಪಾಪವಲ್ಲ ಎಂದು ಒಂದನ್ನು ಬಾಯಿಗೆ ಹಾಕಿಕೊಂಡರು. ಕಾಗದದಷ್ಟು ತೆಳ್ಳಗಿನ ವಸ್ತು, ಒಂದು ತಿಂದದ್ದು ಗೊತ್ತೇ ಆಗುವುದಿಲ್ಲ. ಪ್ರಸಂಗ ಮುಗಿಯುವ ಹೊತ್ತಿಗೆ ಡಬ್ಬಿಯೂ ಮುಗಿದಿತ್ತು.

ಭಾನುವಾರ ದೊಡ್ಡ ಪಾದ್ರಿಗಳು ಖಾಲಿ ಡಬ್ಬಿ ಹಿಡಿದು ಕೂಗಾಡಿದಾಗ ಕಪಾಟಿನ ಬೀಗದ ಕೈ ಗಂಟೆಯವನ ಸೊಂಟದಲ್ಲಿತ್ತು. ಸಹಾಯಕ ಪಾದ್ರಿಯ ಕಣ್ಣು ನೆಲದ ಮೇಲಿತ್ತು. ಅಂದಿನಿಂದ ಗಂಟೆಯವನು ಊರಿಗೆಲ್ಲ ಬಿಲ್ಲೆಕಳ್ಳ. ಪ್ರಸಂಗ ಮಾತ್ರ ಬಹಳ ಚೆನ್ನಾಗಿ ಬಂತು. ಕೇಳಲು ಕುಳಿತಿದ್ದ ಆಗಿನ ಬಿಷಪ್ಪರು ಹುಡುಗನ ಹೆಸರು ಬರೆದುಕೊಂಡರು.

ಮುಂದಿನ ವರ್ಷ ತಪ್ಪು ಒಪ್ಪಿಕೊಳ್ಳೋಣ ಎಂದುಕೊಂಡರು ಸಹಾಯಕ ಪಾದ್ರಿ. ಶಾಲೆಯ ಪಾದ್ರಿಯಾದರು. ಸ್ವಂತ ಸಭೆ ಸಿಕ್ಕ ಮೇಲೆ ಹೇಳೋಣ ಎಂದುಕೊಂಡರು, ಸಿಕ್ಕಿತು. ಒಂದೊಂದು ಮೆಟ್ಟಿಲು ಹತ್ತಿದಷ್ಟೂ ಬಿಲ್ಲೆ ಚಿಕ್ಕದಾಗುತ್ತ, ಬಾಯಿ ಬಿಡುವುದು ದೊಡ್ಡದಾಗುತ್ತ ಹೋಯಿತು.

"ನೋಡಿಪ್ಪಾ," ಬಿಷಪ್ಪರು ಬೀಗದ ಕಿಂಡಿಗೆ ಬಗ್ಗಿದರು. ತಲೆಯ ಮೇಲಿನ ಎತ್ತರದ ಶಿರೋವೇಷ್ಟನ ಬಾಗಿಲಿಗೆ ತಾಗಿ ಓರೆಯಾಯಿತು. "ಒಳಗೆ ಬಂದು ಮಾತಾಡೋಣ. ಎಲ್ಲ ಕಾಯ್ತಿದ್ದಾರೆ."

"ಕಾಯಲಿ ಅಯ್ಯನವರೇ. ನಾನು ಮೂವತ್ತೆರಡು ವರ್ಷ ಕಾದಿಲ್ವಾ? ಅಭ್ಯಾಸ ಆದ್ರೆ ಕಷ್ಟ ಇಲ್ಲ."

"ಸರ್, ಪಕ್ಕದ ಬಾಗಿಲು ತೆರೆದಿದೆ," ಆರ್ಚ್‌ಡೀಕನ್ ಪಿಸುಗುಟ್ಟಿದರು. "ಸುಮ್ಮನೆ ಹೋಗಿಬಿಡೋಣ."

"ಹಾಗೆ ಯಾರಾದರೂ ಹೋಗಿದ್ದುಂಟೇ?"

"ನೂರು ವರ್ಷದ ಹಿಂದೆ ಒಬ್ಬರು ಹೋಗಿದ್ದರಂತೆ." ಆರ್ಚ್‌ಡೀಕನ್ ತಡವರಿಸಿದರು. "ಪಕ್ಕದ ಬಾಗಿಲ ಬಿಷಪ್ಪು ಅಂತಾರೆ ಅವರನ್ನ. ನಿಜವಾದ ಹೆಸರು ಯಾರಿಗೂ ನೆನಪಿಲ್ಲ."

ಬಿಷಪ್ಪರು ಮತ್ತೆ ಕಿಂಡಿಯ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು. "ಹಿಂದಿನ ದಿನಗಳಲ್ಲಿ ನಡೆದಿರಬಹುದಾದ ಲೋಪದೋಷಗಳಿಗೆ ಮನಃಪೂರ್ವಕ ವಿಷಾದ ವ್ಯಕ್ತಪಡಿಸುತ್ತೇನೆ."

"ಇದು ಸುತ್ತೋಲೆ," ಎಂದಿತು ಬಾಗಿಲು. "ಸಹಿ ಹಾಕಿ ಗೋಡೆಗೆ ಅಂಟಿಸಿ. ವಾರವಾರ ನಮ್ಮ ಕೈಲಿ ತಪ್ಪೊಪ್ಪಿಗೆ ಹೇಳಿಸ್ತೀರಲ್ಲ, ಆ ಥರ ಹೇಳಿ. ಜೋರಾಗಿ. ಕೊನೇ ಸಾಲಿಗೂ ಕೇಳಬೇಕು."

"ನಿಮಗೆ ಗೊತ್ತಿದ್ದರೆ ಅವತ್ತೇ ಯಾಕೆ ಹೇಳಲಿಲ್ಲ?"

ಒಳಗೆ ಬೀಗದ ಕೈ ಒಮ್ಮೆ ಸದ್ದು ಮಾಡಿತು.

"ಶನಿವಾರ ಸಂಜೆ ನಿಮ್ಮ ಎದೆ ಮೇಲೆಲ್ಲ ಬಿಳೀ ಪುಡಿ ಇತ್ತು. ನೋಡಿದೆ. ಹೇಳಿದ್ರೆ ನಿಮ್ಮನ್ನ ಮನೆಗೆ ಕಳಿಸ್ತಿದ್ರು. ಇನ್ನೂ ಹಸಿ ಹುಡುಗ, ಇವತ್ತಲ್ಲ ನಾಳೆ ತಾನೇ ಬಾಯಿ ಬಿಡ್ತಾನೆ ಅಂತ ಸುಮ್ಮನಾದೆ. ಈ ಕಳ್ಳ ಅನ್ನೋ ಹೆಸರು ನನ್ನ ಕಾಲಕ್ಕೆ ಮುಗೀತು ಅಂತ್ಲೂ ಅಂದ್ಕೊಂಡಿದ್ದೆ. ಮೊನ್ನೆ ಮೊಮ್ಮಗಳು ಶಾಲೆಯಿಂದ ಬಂದು ಕೇಳ್ತಾಳೆ, ತಾತ, ನೀನು ಎಷ್ಟು ಬಿಲ್ಲೆ ಕದ್ದೆ ಅಂತ. ಆರು ವರ್ಷದ ಮಗು. ಅದಕ್ಕೂ ಅದೇ ಹೆಸರು ಅಂಟಿಸಿದ್ದಾರೆ."

ಬಿಷಪ್ಪರು ಕೋಲನ್ನು ಆರ್ಚ್‌ಡೀಕನ್ನರ ಕೈಗೆ ಕೊಟ್ಟರು. ಬಾಗಿದ ಬೆನ್ನು ನೆಟ್ಟಗಾಯಿತು.

"ಬಿಲ್ಲೆ ತಿಂದದ್ದು ನಾನು."

"ಕೇಳಿಸಲಿಲ್ಲ."

"ಬಿಲ್ಲೆ ತಿಂದದ್ದು ನಾನು!" ಮೂವತ್ತೆರಡು ವರ್ಷ ಪ್ರಸಂಗ ಮಾಡಿದ ಗಂಟಲು ಅದು. ಗೋಪುರದ ಪಾರಿವಾಳಗಳು ಎದ್ದು ಹಾರಿದವು. ಒಳಗೆ ಪುಟ ತಿರುವುವ ಸದ್ದು ಸರಸರ ಹಬ್ಬಿತು. ಸಭೆಯವರೂ ಇದು ಯಾವ ಪುಟ ಎಂದು ಹುಡುಕುತ್ತಿರಬೇಕು.

"ಎಷ್ಟು ತಿಂದ್ರಿ?"

"ಡಬ್ಬಿ ಪೂರ್ತಿ."

"ಬರೀ ಬಿಲ್ಲೆ?"

ಬಿಷಪ್ಪರು ಕಣ್ಣು ಮುಚ್ಚಿದರು. "ಜಾಮ್ ಹಚ್ಚಿಕೊಂಡು."

"ಯಾರು ಮಾಡಿದ ಜಾಮು?"

"ನಿಮ್ಮ ಮನೆಯವರು ಮಾಡಿದ್ದು. ಪಾಪ, ಈ ಹುಡುಗ ತೆಳ್ಳಗಿದ್ದಾನೆ ಅಂತ ಒಂದು ಬಾಟಲಿ ಕೊಟ್ಟಿದ್ದರು. ಅದನ್ನೇ." ಅವರ ದನಿ ಇಳಿಯಿತು, ಮತ್ತೆ ತಾನಾಗಿಯೇ ಏರಿತು. "ಆಮೇಲೆ ನಿಮ್ಮನ್ನ ಬೈಯುವಾಗ ಪಕ್ಕದಲ್ಲೇ ನಿಂತಿದ್ದೆ. ಬಾಯಲ್ಲಿ ಹಿಂದಿನ ದಿನದ ಆ ಸಿಹಿ ಇನ್ನೂ ಇದ್ದ ಹಾಗಿತ್ತು ಅಣ್ಣ. ಸುಮ್ಮನಿದ್ದೆ."

ಬಾಗಿಲಿನಾಚೆ ಯಾವುದೋ ಹೆಂಗಸು ತಡೆಯಲಾರದೆ ನಕ್ಕಳು. ಬಿಷಪ್ಪರಿಗೆ ಆ ನಗು ಚೆನ್ನಾಗಿ ಗೊತ್ತಿತ್ತು. ಇಪ್ಪತ್ತೆಂಟು ವರ್ಷದಿಂದ ದಿನಾ ಊಟದ ಮೇಜಿನ ಎದುರಿಗೆ ಕೇಳುತ್ತಿದ್ದ ಹೆಂಡತಿಯ ನಗು. ಅದರ ಹಿಂದೆಯೇ ಒಂದೊಂದು ಸಾಲೂ ಸೇರಿಕೊಂಡು ದೇವಾಲಯವಿಡೀ ನಕ್ಕಿತು. ಮೆಟ್ಟಿಲ ಮೇಲಿನ ಮಕ್ಕಳೂ ನಕ್ಕರು. ಆರ್ಚ್‌ಡೀಕನ್ ನಗಬಾರದೆಂದು ಕೋಲನ್ನು ಕಚ್ಚಿ ಹಿಡಿದಿದ್ದರು.

ಬೀಗ ತಿರುಗಿತು.

ಗಂಟೆಯವನು ಇಸ್ತ್ರಿ ಮಾಡಿದ ಕರಿ ನಿಲುವಂಗಿಯಲ್ಲಿ ನಿಂತಿದ್ದ. ಬಿಷಪ್ಪರು ಏನೋ ಹೇಳಲು ಬಾಯಿ ತೆರೆದರು. ಆತ ನಿಯಮದಲ್ಲಿ ಹೇಳಿದಷ್ಟೇ ತಲೆ ಬಾಗಿಸಿ, ಕೈ ಚಾಚಿ ಬಿಷಪ್ಪರ ಓರೆಯಾದ ಶಿರೋವೇಷ್ಟನವನ್ನು ನೆಟ್ಟಗೆ ಮಾಡಿ, ತಿರುಗಿ ಮುಂದೆ ನಡೆದ.

ಇಷ್ಟು ವರ್ಷ ಆತ ಮೆರವಣಿಗೆಯ ಮುಂದೆ ತಲೆ ತಗ್ಗಿಸಿ, ಬಸ್ಸು ತಪ್ಪಿಹೋಗುವವನಂತೆ ಬಿರಬಿರನೆ ನಡೆಯುತ್ತಿದ್ದ. ಪಾದ್ರಿಗಳು ಹಿಂದೆ ಏದುಸಿರು ಬಿಡುತ್ತಿದ್ದರು. ಇವತ್ತು ನಡುದಾರಿಯ ಸರಿಯಾಗಿ ಮಧ್ಯದಲ್ಲಿ, ಒಂದು ಹೆಜ್ಜೆ ಇಟ್ಟು, ಅದು ನೆಲಕ್ಕೆ ಊರಿತೆಂದು ಖಾತ್ರಿ ಮಾಡಿಕೊಂಡು, ಇನ್ನೊಂದು ಇಡುತ್ತಿದ್ದ. ಎಡಕ್ಕೊಮ್ಮೆ ನೋಡಿದ. ಬಲಕ್ಕೊಮ್ಮೆ ನೋಡಿದ. ಬಿಷಪ್ಪರು ಆತನ ಹಿಮ್ಮಡಿ ತುಳಿಯದಂತೆ ತಮ್ಮ ಹೆಜ್ಜೆಯನ್ನು ಚಿಕ್ಕದು ಮಾಡಿಕೊಂಡರು, ಮತ್ತೂ ಚಿಕ್ಕದು ಮಾಡಿಕೊಂಡರು. ಅರ್ಧ ದಾರಿಗೆ ಹಾಡಿನ ಆರೂ ಪದ್ಯ ಮುಗಿದವು. ಆರ್ಗನ್ ನುಡಿಸುವಾಕೆ ತಲೆಯ ಮೇಲಿನ ಪುಟ್ಟ ಕನ್ನಡಿಯಲ್ಲಿ ದಾರಿಯನ್ನು ಒಮ್ಮೆ ನೋಡಿ, ಪುಟ ಹಿಂದಕ್ಕೆ ತಿರುವಿ, ಮೊದಲ ಪದ್ಯದಿಂದ ಮತ್ತೆ ಶುರುಮಾಡಿದಳು.