ಅರ್ಧಕ್ಕೇ ನಿಂತ ಗಡ್ಡ

ಮೀಸೆ ಮಾವನ ಬಲಗೆನ್ನೆ ನುಣುಪಾಗಿತ್ತು, ಎಡಗೆನ್ನೆಯ ಮೇಲೆ ನೊರೆ ಒಣಗುತ್ತಿತ್ತು. ಗಡ್ಡ ಬೋಳಿಸುತ್ತಿದ್ದ ಕತ್ತರಿಯಣ್ಣ ಹೊಟ್ಟೆ ಹಿಡಿದುಕೊಂಡು ಹಿತ್ತಲ ಕಡೆ ಓಡಿದ್ದ. ಸಲೂನಿಗೆ ಬರುವವರಿಗೆ ಇದೇನೂ ಹೊಸದಲ್ಲ. ಒಬ್ಬೊಬ್ಬರೇ ಗಿರಾಕಿಗಳು ಬೇರೆ ಅಂಗಡಿಯ ದಾರಿ ಹಿಡಿದಿದ್ದರು. ಮೀಸೆ ಮಾವ ಮಾತ್ರ ಜಪ್ಪಯ್ಯ ಅಂದರೂ ಆ ಕುರ್ಚಿ ಬಿಟ್ಟವರಲ್ಲ.

ಮಲದಲ್ಲಿ ರಕ್ತ ಬೀಳುವುದನ್ನು ಕತ್ತರಿಯಣ್ಣ ಮೂಲವ್ಯಾಧಿ ಎಂದುಕೊಂಡು ಬಹಳ ಕಾಲ ಬಾಯಿಬಿಟ್ಟಿರಲಿಲ್ಲ. ಕೊನೆಗೆ ಪರೀಕ್ಷೆ ಮಾಡಿಸಿದಾಗ ದೊಡ್ಡ ಕರುಳಿನಲ್ಲಿ ಹುಣ್ಣು, ಉರಿಯೂತ ಎಂದು ಗೊತ್ತಾಯಿತು. ಮಾತ್ರೆಗಳು ಬದಲಾದವು, ಕಾಯಿಲೆ ಜಗ್ಗಲಿಲ್ಲ. ಈಗ ಡಾಕ್ಟರು ರಕ್ತ ಸೋಸುವ ಚಿಕಿತ್ಸೆ ಮಾಡಿ ನೋಡೋಣ ಎಂದಿದ್ದರು. ಅದನ್ನು ಕೇಳಿದಾಗಿನಿಂದ ಅವನು ಆಸ್ಪತ್ರೆಯ ಕಡೆ ತಲೆ ಹಾಕಿರಲಿಲ್ಲ.

ಆಸ್ಪತ್ರೆಯಲ್ಲಿ ನರ್ಸಾಗಿದ್ದ ತಂಗಿ ಸುದ್ದಿ ತಿಳಿದು ಮನೆಗೆ ಬಂದಳು.

“ಇರೋ ರಕ್ತಾನೇ ಸೋರಿಹೋಗ್ತಿದೆ. ಉಳಿದಿದ್ದನ್ನೂ ತೆಗೀತಾರಂತೆ!” ಎಂದು ಅಣ್ಣ ರೇಗಿದ.

“ತೆಗೆದು ಇಟ್ಕೊಳ್ಳಲ್ಲ ಅಣ್ಣಾ. ಒಂದು ಕೈಯಿಂದ ಬಂದ ರಕ್ತ ಒಂದು ಡಬ್ಬಿ ದಾಟಿ ಇನ್ನೊಂದು ಕೈಗೆ ವಾಪಸ್ ಹೋಗತ್ತೆ. ನಿನ್ನನ್ನ ಕಾಯಬೇಕಾದ ಬಿಳಿ ರಕ್ತಕಣಗಳು ನಿನ್ನ ಕರುಳಿನ ಮೇಲೇ ತಿರುಗಿಬಿದ್ದಿವೆ. ಅಂಥವನ್ನ ಆ ಡಬ್ಬಿಯೊಳಗಿನ ಮಣಿಗಳು ಒಂದಿಷ್ಟು ಹಿಡ್ಕೊಳ್ತವೆ. ಹೇನಿನ ಬಾಚಣಿಗೆ ಹೇನು ಹಿಡಿದು ಕೂದಲು ಬಿಡತ್ತಲ್ಲ, ಹಾಗೆ.”

ಬಾಚಣಿಗೆಯ ಮಾತು ಅವನಿಗೆ ಸರಿಯಾಗಿ ನಾಟಿತು. ಆದರೂ ಮುಖದ ದುಗುಡ ಇಳಿಯಲಿಲ್ಲ.

“ಮತ್ತೇನಣ್ಣಾ?”

“ಎರಡೂ ಕೈಗೆ ಸೂಜಿ. ಒಂದು ಗಂಟೆ ಏಳೋ ಹಾಗಿಲ್ಲ. ಒಂದು ಗಡ್ಡ ಮುಗಿಯೋ ತನಕ ನಿಲ್ಲೋಕಾಗಲ್ಲ ನನಗೆ. ನಡುವೆ ಅವಸರ ಆದ್ರೆ ಎಲ್ಲರೆದುರು ಮಾನ ಹೋಗತ್ತೆ ಕಣೇ.”

ತಂಗಿ ನಗಲಿಲ್ಲ. “ಅದನ್ನ ಮೊದಲೇ ನರ್ಸಿಗೆ ಹೇಳು. ಪರದೆ ಎಳೀತಾರೆ, ಬೆಡ್‌ಪ್ಯಾನ್ ಕೊಡ್ತಾರೆ. ನಮಗದು ದಿನದ ಕೆಲಸ. ಗುಣ ಆಗೇ ಆಗತ್ತೆ ಅಂತ ನಾನು ಆಣೆ ಹಾಕಲ್ಲ. ಡಾಕ್ಟರು ಹೇಳದೆ ಮಾತ್ರೆ ಬಿಡೋ ಹಾಗೂ ಇಲ್ಲ. ಆದ್ರೆ ನಾಚಿಕೆಗೋಸ್ಕರ ಬೇಡ ಅನ್ಬೇಡ.”

ಅವನು ಚಿಕಿತ್ಸೆಗೆ ಹೋದ. ಎರಡೂ ಕೈ ಚಾಚಿ ಮಲಗಿದ್ದಾಗ ಮೂಗು ತುರಿಸತೊಡಗಿತು. ಹೆಂಡತಿ ತುರಿಸಿಕೊಡುತ್ತಾ, “ಬಟ್ಟೆ ಹೊದ್ದು ಕೂರೋ ನಿಮ್ಮ ಗಿರಾಕಿಗಳ ಪಾಡು ಈಗ ಗೊತ್ತಾಯ್ತೇನ್ರೀ?” ಎಂದಳು. ವಾರವಾರವೂ ಹೋಗಿಬಂದ. ಮೊದಮೊದಲು ಏನೂ ಅನ್ನಿಸಲಿಲ್ಲ. ಬರಬರುತ್ತಾ ರಕ್ತ ಬೀಳುವುದು ಕಡಿಮೆಯಾಯಿತು, ಹಿತ್ತಲಿಗೆ ಓಡುವುದೂ ಕಡಿಮೆಯಾಯಿತು.

ಒಂದು ಬೆಳಿಗ್ಗೆ ಮೀಸೆ ಮಾವ ಬಂದು ಕೂತರು. “ಇವತ್ತು ಎರಡೂ ಕೆನ್ನೆಯ ಯೋಗ ಇದೆಯೇನಯ್ಯಾ?”

ಕತ್ತರಿಯಣ್ಣ ಬಲಗೆನ್ನೆ ಮುಗಿಸಿದ, ಎಡಗೆನ್ನೆ ಮುಗಿಸಿದ, ಮೀಸೆಯನ್ನೂ ತಿದ್ದಿದ. ಟವೆಲ್ ಒದರುವಾಗ ಹೊಳೆಯಿತು, ಹಿತ್ತಲ ಬಾಗಿಲ ಕಡೆ ಒಮ್ಮೆಯೂ ನೋಡಿರಲಿಲ್ಲ. ಕಣ್ಣು ತುಂಬಿ ಬಂತು.

“ನನ್ನ ಬಿಟ್ಟುಹೋಗದೆ ಕಾದಿರಲ್ಲ ಮಾವ, ನಿಮ್ಮ ಉಪಕಾರ ಹೇಗೆ ತೀರಿಸಲಿ?”

“ಅರ್ಧ ಗಡ್ಡದಲ್ಲಿ ಎಲ್ಲಿಗೆ ಹೋಗೋಕಾಗ್ತಿತ್ತಯ್ಯಾ?”

ನಗುತ್ತಲೇ ಅವನು ತಂಗಿಗೆ ಫೋನ್ ಮಾಡಿದ. “ನಿನ್ನಿಂದ ನನ್ನ ಕಸುಬು ಉಳೀತು ಕಣೇ. ಒಂದು ಗಡ್ಡ ಪೂರ್ತಿ ಮುಗಿಸಿದೆ” ಎಂದ.

ಅಕ್ಕ, ಅಣ್ಣಂದಿರೇ, ಮಲದಲ್ಲಿ ರಕ್ತ ಕಂಡರೆ, ಭೇದಿ ವಾರಗಟ್ಟಲೆ ನಿಲ್ಲದಿದ್ದರೆ, ಕಾಯಿಲೆಗೆ ನೀವೇ ಒಂದು ಹೆಸರಿಟ್ಟು ಸುಮ್ಮನಾಗಬೇಡಿ. ಡಾಕ್ಟರಿಗೆ ತೋರಿಸಿ. ಔಷಧಿಗೆ ಬಗ್ಗದಿದ್ದರೆ ಬೇರೆ ದಾರಿ ಏನಿದೆ ಎಂದು ಕರುಳಿನ ತಜ್ಞರನ್ನು ಕೇಳಿ. ರಕ್ತ ಸೋಸುವ ಚಿಕಿತ್ಸೆ ಎಲ್ಲರಿಗೂ ಹೊಂದುವುದಿಲ್ಲ, ನಿಮಗೆ ಹೊಂದುತ್ತದೆಯೇ ಎಂದು ಅವರೇ ಹೇಳುತ್ತಾರೆ. ಯಾವ ಮಾತು ಹೇಳಲು ನಾಚಿಕೆಯಾಗುತ್ತದೆಯೋ, ಅದನ್ನೇ ಅವರಿಗೆ ಮೊದಲು ಹೇಳಿ.